‘ಅವರಂಗ ಅಲ್ಲ’ ಎಂಬ ದೂರು

“ಹಾಡ್ಯಾರ, ಛಲೋನ ಹಾಡ್ಯಾರ, ಖರೆ, ಅವರಂಗ ಅಲ್ಲ ಬಿಡ್ರಿ.” ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಸಂಗೀತದ ರುಚಿಯಿರುವ ನಾಲ್ವರು ಒಂದೆಡೆ ಕೂಡಿದರೆ ಈ ಮಾತು ಬಾರದೆ ಇರದು. ಹೆಸರಾದ ಗಾಯಕರೊಬ್ಬರ ಹಾಡುಗಳನ್ನು ಮತ್ತೊಬ್ಬರು ಗೌರವದ ಕಾಣಿಕೆಯೆಂದು ಹಾಡಿ ಧ್ವನಿಮುದ್ರಿಸಿದಾಗಲೆಲ್ಲ ರಸಿಕರ ಮೊದಲ ತೀರ್ಪು ಇದೇ. ಈ ತೀರ್ಪಿನಲ್ಲಿ ನ್ಯಾಯವೆಷ್ಟು, ಅಭ್ಯಾಸಬಲವೆಷ್ಟು ಎಂಬುದನ್ನು ನಮ್ಮ ಜಿಲ್ಲೆಗೇ ಸಂಬಂಧಪಟ್ಟ ಒಂದು ಪ್ರಸಂಗದಿಂದ ನೋಡಬಹುದು.

ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಮಕಾಳಿಮಠರು ಲೋಕಕ್ಕೆ ಕುಮಾರ ಗಂಧರ್ವರೆಂದು ಪರಿಚಿತರು. ಅವರು 1960ರ ದಶಕದಲ್ಲಿ ‘ಮಲಾ ಉಮಜಲೇಲೆ ಬಾಲಗಂಧರ್ವ’ ಎಂಬ ಕಾರ್ಯಕ್ರಮವನ್ನು ಕಟ್ಟಿದರು. ‘ನನಗೆ ತಿಳಿದ ಬಾಲಗಂಧರ್ವ’ ಎಂದು ಅದರ ಅರ್ಥ. ಮರಾಠೀ ರಂಗಭೂಮಿಯ ಚಕ್ರವರ್ತಿಯೆನಿಸಿದ್ದ ನಾರಾಯಣರಾವ್ ರಾಜಹಂಸರ, ಎಂದರೆ ಬಾಲಗಂಧರ್ವರ, ನಾಟ್ಯಗೀತಗಳನ್ನು ಕುಮಾರರು ಬೈಠಕ್ಕಿನಲ್ಲಿ ಕುಳಿತು ಹಾಡಿದರು. ಅವು ಧ್ವನಿಮುದ್ರಿಕೆಯಾಗಿಯೂ ಹೊರಬಂದವು. ಕೇಳಿದವರಲ್ಲಿ ಎರಡು ಪಕ್ಷಗಳಾದವು. ಹಳೆಯ ಹಾಡಿಗೆ ಹೊಸ ಕಣ್ಣು ಬಂತೆಂದು ಒಂದು ಪಕ್ಷ; ನಮ್ಮ ಗಂಧರ್ವರನ್ನು ಕೆಡಿಸಿದರೆಂದು ಇನ್ನೊಂದು.

ರಾಮದುರ್ಗದ ಹಿರಿಯರೊಬ್ಬರು ಎರಡನೆಯ ಪಕ್ಷದವರು. 1948ರಲ್ಲಿ ವಿಲೀನವಾಗುವ ತನಕ ಅದು ಭಾವೆ ಮನೆತನದ ಸಂಸ್ಥಾನ. ಮರಾಠೀ ನಾಟಕದ ಪದಗಳು ಅಲ್ಲಿನ ಅನೇಕ ಮನೆಗಳಲ್ಲಿ ಮನೆಮಾತಿನಂತೆಯೇ ಇದ್ದವು. ಈ ಹಿರಿಯರ ತಂದೆ ಕೂಡಿಸಿಟ್ಟ ಗ್ರಾಮಫೋನ್ ಪ್ಲೇಟುಗಳು ಇಂದಿಗೂ ಅವರ ಕಪಾಟಿನಲ್ಲಿವೆ. ಕುಮಾರರ ಹಾಡಿಕೆಯನ್ನು ಕೇಳಿಸಿದಾಗ ಅವರು ಅರ್ಧಕ್ಕೇ ಕೈಯೆತ್ತಿ, “ಇಲ್ಲಿ ಒಂದು ತಾನ ಬರಬೇಕಿತ್ತು ಮಾಸ್ತರ, ಬರಲಿಲ್ಲ” ಎಂದರು. ಆ ತಾನದ ಸಂಗಡ ಅವರ ತಂದೆಯವರ ಪಡಸಾಲೆಯೂ ಬರಬೇಕಾಗಿತ್ತು ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಇಂಥ ದೂರನ್ನು ಹಗುರಾಗಿ ತಳ್ಳಿಹಾಕಬಾರದು.

ಆದರೆ ಆ ತಾನ ಎಲ್ಲಿಯದು? ಪ್ಲೇಟಿನದು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಾಡು ಹಿಡಿಯುತ್ತಿರಲಿಲ್ಲ. ರಂಗದ ಮೇಲೋ, ತಬಲಾಕ್ಕೆ ಅಹಮದ್‌ಜಾನ್ ತಿರಖವಾ, ಸಾರಂಗಿಗೆ ಕಾದರಬಕ್ಷ ಅವರಂಥವರನ್ನು ಕೂಡಿಸಿಕೊಂಡು ಬಾಲಗಂಧರ್ವರು ‘ವನ್ಸ್‌ಮೋರ್’ ಬಂದಷ್ಟು ಸಲ ಅದೇ ಪದವನ್ನು ಹಾಡುತ್ತಿದ್ದರು, ಪ್ರತಿ ಸಲವೂ ಬೇರೆ ಬೆಡಗಿನಿಂದ. ಆ ಸಾವಿರ ರೂಪಗಳಲ್ಲಿ ಒಂದು ಮಾತ್ರ, ಅದೂ ಗಡಿಯಾರಕ್ಕೆ ಅಂಜಿ ಹಾಡಿದ್ದು, ಅರಗಿನ ತಟ್ಟೆಯಲ್ಲಿ ನಿಂತಿತು. ನಾವು ಅದನ್ನೇ ಮೂಲವೆಂದು ಬಾಯಿಪಾಠ ಮಾಡಿದೆವು. ಓಲೆಗರಿಯ ಪ್ರತಿಯೊಂದನ್ನು ಕವಿಯ ಕೈಬರಹವೆಂದು ನಂಬುವ ತಪ್ಪು ನಮ್ಮ ಪಂಡಿತವರ್ಗದಲ್ಲಿಯೂ ಉಂಟು. ಅದು ಇದರ ಸೋದರ.

ಮೂಲವನ್ನು ಹುಡುಕುತ್ತ ಹೊರಟರೆ ದಾರಿ ಸವದತ್ತಿ ಸೀಮೆಗೇ ಬಂದು ಮುಟ್ಟುತ್ತದೆ! ಮರಾಠೀ ಸಂಗೀತ ನಾಟಕವನ್ನು ನೆಲೆಗೊಳಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಗುರ್ಲಹೊಸೂರಿನಲ್ಲಿ. 1880ರ ‘ಶಾಕುಂತಲ’, 1882ರ ‘ಸೌಭದ್ರ’ ಅವರವು. ‘ಸೌಭದ್ರ’ದ ಕೆಲವು ಪದಗಳಿಗೆ ಅವರು ಕನ್ನಡ ಹಾಡುಗಳ ಮಟ್ಟುಗಳನ್ನೇ ಎತ್ತಿಕೊಂಡರು. ಆ ಪಾತ್ರಗಳಲ್ಲಿ ಮೊದಲು ಜನರನ್ನು ಮರುಳುಮಾಡಿದವರು ಭಾವುರಾವ್ ಕೋಲ್ಹಟಕರರು. ಅವರು ತೀರಿಕೊಂಡದ್ದು 1901ರಲ್ಲಿ. ಬಾಲಗಂಧರ್ವರು ಕಿರ್ಲೋಸ್ಕರ ಮಂಡಳಿಗೆ ಬಂದದ್ದು 1905ರಲ್ಲಿ. ಭಾವುರಾಯರನ್ನು ಕಿವಿತುಂಬ ಕೇಳಿದ್ದವರು ಈ ಹುಡುಗನ ಹಾಡಿಗೆ ಏನೆಂದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಹಾಗೆಂದು ಎದುರು ಪಕ್ಷದವರ ಮಾತೆಲ್ಲ ಬರಿಯ ಹಳಹಳಿಕೆಯಲ್ಲ. 1916ರ ‘ಸ್ವಯಂವರ’ವನ್ನು ನೋಡಿರಿ. ಅದಕ್ಕೆ ಸಂಗೀತ ಕೊಟ್ಟವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕೆಲಕಾಲ ಶಿಕ್ಷಕರಾಗಿದ್ದ ಭಾಸ್ಕರಬುವಾ ಬಖಲೆಯವರು. ಅಲ್ಲಿ ಬಾಲಗಂಧರ್ವರು ಹಾಡುತ್ತಿರಲಿಲ್ಲ, ರುಕ್ಮಿಣಿ ಹಾಡುತ್ತಿದ್ದಳು. ನಾಚಿಕೆ, ತವಕ, ಅಣ್ಣನ ಮೇಲಿನ ಮುನಿಸು ಎಲ್ಲವೂ ಆ ಸ್ವರಗಳ ಬೆನ್ನಿಗಿದ್ದವು. ಬೈಠಕ್ಕಿನಲ್ಲಿ ರುಕ್ಮಿಣಿಯಿಲ್ಲ, ತಂಬೂರಿ, ರಾಗ, ಮಾತು ಇಷ್ಟೇ. ಹಾಡನ್ನು ನಾಟಕದಿಂದ ಬಿಡಿಸಿ ತೆಗೆದರೆ ಏನೋ ಒಂದು ಅಲ್ಲಿಯೇ ಉಳಿಯುತ್ತದೆ. ಇದನ್ನು ನಾನು ಒಪ್ಪುತ್ತೇನೆ.

ಆದರೂ ನನ್ನ ಒಲವು ಕುಮಾರರ ಕಡೆಗೇ. ಕಾರಣ ಇದು: ಯಥಾವತ್ತಾಗಿ ಹಾಡುವುದು ಅವರಿಗೆ ಬಾರದ ವಿದ್ಯೆಯಾಗಿರಲಿಲ್ಲ. ಎಳೆಯ ಬಾಲಕನಾಗಿದ್ದಾಗಲೇ ದೊಡ್ಡ ದೊಡ್ಡ ಉಸ್ತಾದರ ಪ್ಲೇಟುಗಳನ್ನು ಕೇಳಿ, ಒಂದು ಹರಕತ್ತೂ ತಪ್ಪದಂತೆ ಹಾಡಿ ತೋರಿಸಿ ಸಭೆಗಳನ್ನು ಬೆರಗುಗೊಳಿಸಿದವರು ಅವರು. ಅದರಿಂದಲೇ ಅವರಿಗೆ ಹೆಸರು ಬಂತು. ಮುಂದೆ ಮುಂಬಯಿಯಲ್ಲಿ ದೇವಧರ ಮಾಸ್ತರರ ಶಾಲೆಯಲ್ಲಿ ಕಲಿತರು. ಕ್ಷಯರೋಗದಿಂದ ಒಂದು ಶ್ವಾಸಕೋಶವನ್ನೇ ಕಳೆದುಕೊಂಡು, ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ಮತ್ತೆ ಹಾಡಿದರು. ಇಂಥವರು ನಕಲು ಮಾಡಲಿಲ್ಲವೆಂದರೆ ಅದು ಅವರು ಬೇಕೆಂದೇ ಮಾಡಿದ ಆಯ್ಕೆ. ಹೆಸರಿನಲ್ಲಿಯೇ ಒಪ್ಪಂದವಿದೆಯಲ್ಲ! ‘ಬಾಲಗಂಧರ್ವರು ಹೀಗೆ’ ಎಂದಿಲ್ಲ, ‘ನನಗೆ ತಿಳಿದಂತೆ’ ಎಂದಿದೆ.

ಕನ್ನಡದಲ್ಲಿಯೂ ಇದೇ ಕಥೆ. ಗದಗಿನ ಭೀಮಸೇನ ಜೋಶಿಯವರ ದಾಸರ ಪದಗಳನ್ನು ಆಕಾಶವಾಣಿಯಲ್ಲಿ ಕೇಳಿ ಬೆಳೆದ ನಮಗೆ, ಪುರಂದರದಾಸರ ಪದವೆಂದರೆ ಭೀಮಸೇನರು ಹಾಡಿದ ಮಟ್ಟೇ. 2011ರಲ್ಲಿ ಅವರು ತೀರಿಕೊಂಡ ಮೇಲೆ ಹೊಸಬರು ಯಾರು ಆ ಪದ ಎತ್ತಿಕೊಂಡರೂ ‘ಅವರಂಗ ಅಲ್ಲ’ ಎಂಬ ದೂರು ಸಿದ್ಧ. ದಾಸರು ತಾವೇ ಹಾಡಿದ ಮಟ್ಟುಗಳಾದರೋ ಬಹುಪಾಲು ನಮ್ಮ ಕೈಸೇರಿಲ್ಲ. ಹೋದ ಶ್ರಾವಣದಲ್ಲಿ ಸವದತ್ತಿಯ ಭಜನೆಯೊಂದರಲ್ಲಿ ಹುಡುಗಿಯೊಬ್ಬಳು ಅಂಥದೇ ಪದವನ್ನು ಬೇರೆ ರಾಗದಲ್ಲಿ ಎತ್ತಿಕೊಂಡಳು. ನನ್ನ ಪಕ್ಕದವರು ತಲೆಯಲ್ಲಾಡಿಸಿದರು, ಬೇಡವೆಂಬಂತೆ. ಎರಡನೆಯ ನುಡಿಗೆ ಬರುವ ಹೊತ್ತಿಗೆ ಅವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹೊರಗೆ ಬಂದಾಗ ಮಾತ್ರ, “ಆದರೂ ಅವರಂಗ ಅಲ್ಲ ನೋಡ್ರಿ” ಎಂದರು.