ಲಿರಾ ಮೌಲ್ಯ ಮತ್ತು ಕಾರ್ಮಿಕರ ವೇತನ: ಇಟಲಿಯ ನಿದರ್ಶನ

ನಾಣ್ಯದ ವಿನಿಮಯ ದರವು ರಾಷ್ಟ್ರದ ಪ್ರತಿಷ್ಠೆಯ ಪ್ರಶ್ನೆಯಾದಾಗ ಅದರ ವೆಚ್ಚವನ್ನು ಯಾರು ಭರಿಸಬೇಕಾಗುತ್ತದೆ ಎಂಬುದಕ್ಕೆ ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತದಲ್ಲಿದ್ದ ಇಟಲಿ ಸ್ಪಷ್ಟ ನಿದರ್ಶನವಾಗಿದೆ.

1926ರ ಮಧ್ಯಭಾಗದಲ್ಲಿ ಒಂದು ಬ್ರಿಟಿಷ್ ಪೌಂಡಿಗೆ ಸುಮಾರು 150 ಲಿರಾ ದರವಿತ್ತು. ಆ ವರ್ಷದ ಆಗಸ್ಟ್ 18ರಂದು ಪೆಸಾರೊ ನಗರದಲ್ಲಿ ಮುಸೊಲಿನಿಯು ಲಿರಾದ ರಕ್ಷಣೆಯನ್ನು ಘೋಷಿಸಿದನು. ಪೌಂಡಿಗೆ 90 ಲಿರಾ ಎಂಬುದು ಗುರಿಯಾಯಿತು. 1927ರ ಡಿಸೆಂಬರ್‌ನಲ್ಲಿ 92.46ಕ್ಕೆ ದರವನ್ನು ನಿಗದಿಪಡಿಸಲಾಯಿತು.

ರಫ್ತುದಾರನ ಲೆಕ್ಕವನ್ನು ಗಮನಿಸಿ. 100 ಪೌಂಡು ಮೌಲ್ಯದ ಬಟ್ಟೆಗೆ ಮೊದಲು ಸುಮಾರು 15,000 ಲಿರಾ ದೊರೆಯುತ್ತಿದ್ದರೆ, ಈಗ ದೊರೆತದ್ದು 9,246 ಮಾತ್ರ. ಆದರೆ ಕೂಲಿ, ಬಾಡಿಗೆ, ಬಡ್ಡಿಗಳನ್ನು ಲಿರಾದಲ್ಲಿಯೇ ಪಾವತಿಸಬೇಕಿತ್ತು. ಆಮದು ಕಚ್ಚಾವಸ್ತು ಅಗ್ಗವಾದರೂ ಈ ಅಂತರ ತುಂಬಲಿಲ್ಲ.

ಉಳಿದ ಮಾರ್ಗ ವೇತನ ಕಡಿತ. 1926ರ ಏಪ್ರಿಲ್‌ನ ಕಾಯಿದೆಯು ಮುಷ್ಕರವನ್ನು ನಿಷೇಧಿಸಿ, ವೇತನ ಒಪ್ಪಂದದ ಅಧಿಕಾರವನ್ನು ಸರ್ಕಾರ ಮಾನ್ಯ ಮಾಡಿದ ಸಂಘಗಳಿಗೆ ಮಾತ್ರ ನೀಡಿತ್ತು. ಹೀಗಾಗಿ 1927ರಲ್ಲಿ ಶೇ. 10ರಿಂದ 20ರಷ್ಟು ವೇತನ ಕಡಿತವು ಹೆಚ್ಚಿನ ಪ್ರತಿರೋಧವಿಲ್ಲದೆ ಜಾರಿಗೆ ಬಂದಿತು. 1930ರ ಅಂತ್ಯದಲ್ಲಿ ಮತ್ತೊಂದು ಕಡಿತವಾಯಿತು. ಬಾಡಿಗೆ ಹಾಗೂ ಬೆಲೆಗಳ ಇಳಿಕೆಗೂ ಸರ್ಕಾರ ಆದೇಶಿಸಿತಾದರೂ, 1925ರಿಂದ ಗೋಧಿಯ ಮೇಲೆ ಆಮದು ಸುಂಕವಿದ್ದುದರಿಂದ ಬಲಿಷ್ಠ ಲಿರಾದ ಲಾಭ ಕಾರ್ಮಿಕನ ಊಟದ ತಟ್ಟೆಗೆ ಪೂರ್ಣವಾಗಿ ತಲುಪಲಿಲ್ಲ.

ಕಾರ್ಮಿಕನ ವೇತನವು ಕಾರ್ಖಾನೆಗೆ ವೆಚ್ಚವಾದರೂ ಊರಿನ ಅಂಗಡಿಗೆ ಅದೇ ಆದಾಯ. ಅದು ಕುಗ್ಗಿದಾಗ ಚಿಲ್ಲರೆ ವರ್ತಕರ ಹಾಗೂ ಸಣ್ಣ ತಯಾರಕರ ಮಾರಾಟವೂ ಕುಗ್ಗುತ್ತದೆ. ಇಷ್ಟೆಲ್ಲ ತ್ಯಾಗದ ನಂತರವೂ 1936ರ ಅಕ್ಟೋಬರ್‌ನಲ್ಲಿ ಇಟಲಿಯು ಲಿರಾದ ಮೌಲ್ಯವನ್ನು ಸುಮಾರು ಶೇ. 41ರಷ್ಟು ತಗ್ಗಿಸಬೇಕಾಯಿತು.