ಹೊಳೆ ದಂಡೆಯ ರಾತ್ರಿಗೆ ಎಂಥ ಡೇರೆ?

ಮಳೆಗಾಲ ಮುಗಿದು ದಸರೆ, ದೀಪಾವಳಿಗಳೂ ಕಳೆದವೆಂದರೆ ಶಾಲಾ ಕಾಲೇಜುಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬಸ್ಸಿನಲ್ಲಿ ಕುಳಿತು ನಾಲ್ಕು ಊರು ನೋಡಿ ಬರುವುದು ಒಂದು ಬಗೆ. ತಾವೇ ದೋಣಿಗೆ ಹುಟ್ಟು ಹಾಕಿ, ಸಂಜೆ ದಂಡೆಗಿಳಿದು, ಅಡುಗೆ ಮಾಡಿಕೊಂಡು ಉಂಡು, ಡೇರೆಯಲ್ಲಿ ಮಲಗಿ ಮರುದಿನ ಮುಂದಕ್ಕೆ ಸಾಗುವುದು ಇನ್ನೊಂದು ಬಗೆ. ಈ ಎರಡನೆಯದು ಮಕ್ಕಳಿಗೆ ಬಲು ಪ್ರಿಯ. ತಂದೆ ತಾಯಂದಿರಿಗೆ ಮಾತ್ರ ಎರಡು ಚಿಂತೆ. ಒಂದು ನೀರಿನ ಭಯ, ಇನ್ನೊಂದು ಖರ್ಚು.

ಗದಗ ಸಮೀಪದ ಅಸುಂಡಿಯಂಥ ಊರಿನ ಮನೆಯಲ್ಲಿ ಈ ಮಾತು ಹೀಗೆ ನಡೆದೀತು: “ಅಪ್ಪಾ, ಎಲ್ಲಾರೂ ಕ್ಯಾಂಪಿಗೆ ಹೊಂಟಾರ, ನಾನೂ ಹೋಗ್ಲೇನು?” “ಎಷ್ಟು ರೊಕ್ಕ ಬೇಕಂತ?”

ದೋಣಿ, ಲೈಫ್ ಜಾಕೆಟ್‌ಗಳನ್ನು ಶಿಬಿರ ನಡೆಸುವವರೇ ಒದಗಿಸುವುದುಂಟು. ಊಟದ ಖರ್ಚು ಮನೆಯಲ್ಲಿದ್ದರೂ ಇದ್ದದ್ದೇ. ಗುಂಪು ತಾನೇ ಡೇರೆ ಹೊಂದಿಸಿಕೊಳ್ಳಬೇಕಾದಾಗ ಪಟ್ಟಿಯಲ್ಲಿ ಎದ್ದು ಕಾಣುವುದು ಅದರ ಬೆಲೆ. ಕೈಲಾಗದ ಮನೆಯ ಮಕ್ಕಳ ಹೆಸರು ಪಟ್ಟಿಯಿಂದ ಜಾರಿಹೋಗುವುದು ಇಲ್ಲಿಯೇ. ಹಾಗೆಂದು ಕಣ್ಣಿಗೆ ಬಿದ್ದ ಅಗ್ಗದ ಡೇರೆಯನ್ನು ಕೊಂಡರೆ ನಡುರಾತ್ರಿ ತೊಯ್ದು ಕೂರಬೇಕಾದೀತು. ನಿದ್ದೆಗೆಟ್ಟು ಚಳಿ ಹಿಡಿದ ಹುಡುಗ ಮರುದಿನ ನೀರಿನ ಮೇಲೆ ಎಚ್ಚರದಿಂದ ಇರಲಾರ. ಆದ್ದರಿಂದ ಡೇರೆ ಆರಿಸುವಾಗ ಕಿಸೆಯ ಜೊತೆಗೆ ಸುರಕ್ಷತೆಯನ್ನೂ ನೋಡಬೇಕಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ದೋಣಿ ಪ್ರವಾಸಕ್ಕೆ ದುಬಾರಿ ಡೇರೆ ಬೇಕಾಗಿಯೇ ಇಲ್ಲ.

ಮೊದಲು ನೀರಿನ ಪಾಠ

ಅಸುಂಡಿಯ ಬಗಲಲ್ಲಿ ದೊಡ್ಡ ಹೊಳೆಯಿಲ್ಲ. ಗದಗ ಜಿಲ್ಲೆಯ ಉತ್ತರದ ಅಂಚಿಗೆ ಮಲಪ್ರಭೆ, ದಕ್ಷಿಣದ ಅಂಚಿಗೆ ತುಂಗಭದ್ರೆ. ಶಿರಹಟ್ಟಿ, ಮುಂಡರಗಿ ಸೀಮೆಯ ಹೊಳೆಸಾಲಿನ ಜನರಿಗೆ ಹರಿಗೋಲು ಹೊಸದಲ್ಲ. ಬಿದಿರಿನ ದುಂಡು ಬುಟ್ಟಿಯಂಥ ಹರಿಗೋಲಿಗೂ, ಎರಡೂ ತುದಿ ಚೂಪಾದ ಉದ್ದನೆಯ ಕೆನೋ ದೋಣಿಗೂ ನಡೆಸುವ ರೀತಿ ಬೇರೆ ಬೇರೆ. ಕೆನೋದಲ್ಲಿ ಸಾಮಾನ್ಯವಾಗಿ ಇಬ್ಬರು ಇಲ್ಲವೆ ಮೂವರು ಕೂರುತ್ತಾರೆ. ನಡುವೆ ಸಾಮಾನು ಇಡಲು ಸ್ಥಳವಿರುತ್ತದೆ.

ಎರಡನ್ನೂ ತಿಳಿದವರ ಕೈಯಲ್ಲಿ ಕಲಿಯದೆ ಹೊಳೆಗಿಳಿಯುವಂತಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೊನ್ನೇಮರಡು ಈ ಬಗೆಯ ಕಲಿಕೆಗೆ ಹೆಸರಾದ ಸ್ಥಳ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಹರಡಿದ ಶರಾವತಿ ಹಿನ್ನೀರಿನಲ್ಲಿ ಗುಂಪು ಗುಂಪಾಗಿ ದೋಣಿ ನಡೆಸಿ, ನಡುಗಡ್ಡೆಯಲ್ಲಿ ಡೇರೆ ಹಾಕಿ ರಾತ್ರಿ ಕಳೆದು ಬಂದ ವಿದ್ಯಾರ್ಥಿಗಳು ಅನೇಕ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಜಲಸಾಹಸದ ತರಬೇತಿಗೆ ಹೆಸರಾದದ್ದು. ಇಂಥ ಕಡೆ ಕಲಿತ ಮೇಲೆ, ಬಲ್ಲವರ ಜೊತೆಯಲ್ಲಿ, ಅಪ್ಪಣೆ ಪಡೆದು ಹೋಗುವ ಗುಂಪಿಗಷ್ಟೇ ಮುಂದಿನ ಮಾತು.

ಹೊರುವುದು ದೋಣಿ

ಬೆಟ್ಟ ಹತ್ತುವವರು ಡೇರೆಯನ್ನು ಬೆನ್ನ ಮೇಲೆ ಹೊರಬೇಕು. ಅವರಿಗೆ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಬಲು ತೆಳುವಾದ, ಆದರೂ ಗಟ್ಟಿಯಾದ ಬಟ್ಟೆ, ಅಲ್ಯುಮಿನಿಯಂ ಕೋಲು ಇವೆಲ್ಲ ಸೇರಿ ಡೇರೆ ಹಗುರವಾದಷ್ಟೂ ಬೆಲೆ ಏರುತ್ತದೆ. ದೋಣಿಯಲ್ಲಿ ಹೋಗುವವರು ಆ ಹಗುರಕ್ಕೆ ಹಣ ತೆರಬೇಕಾಗಿಲ್ಲ. ನಾಲ್ಕೈದು ಕೆ.ಜಿ. ತೂಗುವ ಸಾಧಾರಣ ಡೇರೆ ಕೆನೋಗೆ ಭಾರವೇನೂ ಅಲ್ಲ. ಬಂಡೆಗಳಿರುವಲ್ಲಿ ದೋಣಿಯನ್ನೂ ಸಾಮಾನನ್ನೂ ದಡದಲ್ಲಿ ಹೊತ್ತು ದಾಟಿಸಬೇಕಾದಾಗಲೂ ಕೋಲುಗಳು ಒಬ್ಬರಿಗೆ, ಬಟ್ಟೆ ಇನ್ನೊಬ್ಬರಿಗೆ ಎಂದು ಹಂಚಿಕೊಳ್ಳಬಹುದು.

ಹಾಗೆಂದು ಹಳೆಯ ಕ್ಯಾನ್ವಾಸ್ ಗುಡಾರ ಒಯ್ಯುವುದು ಬೇಡ. ಅದು ಶಾಲೆಯ ಮೈದಾನಕ್ಕೆ ಒಳ್ಳೆಯದು. ತೊಯ್ದರೆ ಭಾರ ಬಹಳ ಹೆಚ್ಚುತ್ತದೆ, ಬೇಗ ಒಣಗುವುದೂ ಇಲ್ಲ. ಎಸೆದರೆ ತಾನೇ ಬಿಚ್ಚಿಕೊಂಡು ನಿಲ್ಲುವ, ಮಡಚಿದರೆ ದೊಡ್ಡ ಚಕ್ರದಂತಾಗುವ ಡೇರೆಗಳೂ ಕೆನೋದಲ್ಲಿ ಇಡಲು ತೊಡಕು. ಸುರುಳಿ ಸುತ್ತಿ ಚೀಲದಲ್ಲಿ ತುಂಬಿದರೆ ಹಾಸಿಗೆಯ ಸುರುಳಿಗಿಂತ ಚಿಕ್ಕದಾಗಬೇಕು. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಬಾಯಿ ಬಿಗಿದು, ದೋಣಿಯ ನಡುವೆ ತಳಕ್ಕೆ ಇಡಬೇಕು. ಭಾರ ಮೇಲೆ ಹೋದಷ್ಟೂ ದೋಣಿ ಹೊಯ್ದಾಡುತ್ತದೆ.

‘ನಾಲ್ವರ ಡೇರೆ’ ಎಷ್ಟು ಜನರದು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಡೇರೆ ಅಂಗಡಿಯಲ್ಲಿ ಅಕ್ಷರಶಃ ಪಾಲಿಸಬೇಕು. ಚೀಲದ ಮೇಲೆ ‘ನಾಲ್ಕು ಜನರಿಗೆ’ ಎಂದು ಬರೆದಿರುತ್ತದೆ. ಒಳಗಿನ ಅಗಲ ನೋಡಿದರೆ 210 ಸೆಂ.ಮೀ. ಇದ್ದೀತು. ಬೆಳೆದ ಹುಡುಗನೊಬ್ಬ ಮಲಗಲು 60 ಸೆಂ.ಮೀ. ಅಗಲ ಬೇಕು. ಅಂದರೆ ಮೂವರಿಗೆ ಸರಿಹೋಗಿ, ಚೀಲಗಳಿಗೆ ತುಸು ಜಾಗ ಉಳಿಯುತ್ತದೆ. ನಾಲ್ವರು ಮಲಗಿದರೆ ಅಂಚಿನವರ ಮೈ ರಾತ್ರಿಯೆಲ್ಲ ತೇವದ ಗೋಡೆಗೆ ಒತ್ತಿಕೊಂಡೇ ಇರುತ್ತದೆ. ಆದ್ದರಿಂದ ಬರೆದ ಸಂಖ್ಯೆಯಲ್ಲಿ ಒಂದನ್ನು ಕಳೆದು ಲೆಕ್ಕ ಹಾಕುವುದು ಜಾಣತನ.

ಎಲ್ಲರಿಗೂ ಸೇರಿ ಒಂದೇ ದೊಡ್ಡ ಡೇರೆ ತಂದರೆ ಅಗ್ಗವಾದೀತೆಂಬ ಎಣಿಕೆಯೂ ಸರಿಯಲ್ಲ. ದೊಡ್ಡ ಡೇರೆಗೆ ದೊಡ್ಡ ಸಮತಟ್ಟು ನೆಲ ಬೇಕು. ಹೊಳೆಯ ದಂಡೆಯಲ್ಲಿ ಅದು ಸುಲಭವಾಗಿ ಸಿಗದು. ಗಾಳಿಯ ಹೊಡೆತವೂ ಅದಕ್ಕೇ ಹೆಚ್ಚು. ಒಂದು ಕೋಲು ಮುರಿದರೆ ಎಲ್ಲರೂ ಬಯಲಿಗೆ ಬೀಳುತ್ತಾರೆ. ಸಣ್ಣ ಡೇರೆಗಳು ನಾಲ್ಕಿದ್ದರೆ ಒಂದು ಕೆಟ್ಟರೂ ಉಳಿದವುಗಳಲ್ಲಿ ಹೊಂದಿಕೊಳ್ಳಬಹುದು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಏರ್ಪಾಡು ಮಾಡಲಿಕ್ಕೂ ಅದೇ ಅನುಕೂಲ.

ಬಟ್ಟೆ ಮತ್ತು ಹೊಲಿಗೆ

ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ.ನ ಆಸುಪಾಸು. ಮಲೆನಾಡಿನ ಮಳೆಯೆದುರು ಅದು ಏನೂ ಅಲ್ಲ. ಆದರೆ ಹಿಂಗಾರಿನ ದಿನಗಳಲ್ಲಿ, ಅದರಲ್ಲೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ, ನವೆಂಬರಿನಲ್ಲೂ ಒಮ್ಮೆಲೇ ಜಡಿಮಳೆ ಬರುವುದುಂಟು. ಆದ್ದರಿಂದ ಚಳಿಗಾಲದ ಪ್ರವಾಸಕ್ಕೂ ಮಳೆ ತಡೆಯುವ ಬಟ್ಟೆ ಬೇಕು.

ಡೇರೆಯ ಚೀಟಿಯ ಮೇಲೆ 1,500 ಮಿ.ಮೀ., 2,000 ಮಿ.ಮೀ. ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ನೀರು ಒಸರದು ಎಂದು ಅದರ ಅರ್ಥ. ಮೇಲ್ಹೊದಿಕೆಗೆ 1,500ಕ್ಕೆ ಕಡಿಮೆ ಇರಬಾರದು. ನೆಲದ ಬಟ್ಟೆಗೆ ಇನ್ನೂ ಹೆಚ್ಚು ಬೇಕು. ಮಲಗಿದವರ ಮೊಳಕಾಲು, ಮೊಳಕೈಗಳ ಒತ್ತಡಕ್ಕೆ ತೇವದ ನೆಲದಿಂದ ನೀರು ಮೇಲಕ್ಕೆ ಜಿನುಗುವುದೇ ಇದಕ್ಕೆ ಕಾರಣ. ನೆಲದ ಬಟ್ಟೆ ಸುತ್ತಲೂ ಗೇಣುದ್ದ ಮೇಲೆದ್ದು ತಟ್ಟೆಯ ಅಂಚಿನಂತೆ ನಿಂತಿರಬೇಕು. ಹೊಲಿಗೆಗಳ ಒಳಬದಿಗೆ ಪಟ್ಟಿ ಅಂಟಿಸಿದ್ದಾರೆಯೇ ಎಂದು ನೋಡಬೇಕು. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ನೀರು ಮೊದಲು ನುಗ್ಗುವುದು ಸೂಜಿಯ ತೂತುಗಳಿಂದ.

ನೈಲಾನ್ ತೊಯ್ದಾಗ ಹಿಗ್ಗಿ ಜೋತುಬೀಳುತ್ತದೆ; ಬಿಸಿಲಿಗೆ ಬೇಗ ಬಳಲುತ್ತದೆ. ಬೆಲೆ ಕಡಿಮೆಯಾದ ಪಾಲಿಯೆಸ್ಟರ್ ಈ ಎರಡರಲ್ಲೂ ಮೇಲು. ಬಯಲುಸೀಮೆಯ ಬಿಸಿಲಿಗೆ ಅದೇ ತಕ್ಕದ್ದು.

ಡೇರೆಯ ಕೆಳಗೆ ಹಾಸಲು ವಿಶೇಷ ಹಾಸು ಕೊಳ್ಳಬೇಕಿಲ್ಲ. ಮನೆಯ ಹಳೆಯ ತಾಡಪತ್ರಿ ಸಾಕು. ಒಂದೇ ಎಚ್ಚರ: ಅದು ಡೇರೆಯ ನೆಲಕ್ಕಿಂತ ನಾಲ್ಕು ಬೆರಳು ಒಳಗೇ ಇರಬೇಕು. ಹೊರಗೆ ಚಾಚಿಕೊಂಡರೆ ಮಳೆಯ ನೀರನ್ನು ಹಿಡಿದು ಡೇರೆಯ ಅಡಿಗೇ ತಂದುಬಿಡುತ್ತದೆ.

ಸೋರಿದ್ದಲ್ಲ, ಬೆವರಿದ್ದು

ಮಳೆ ಬರದಿದ್ದರೂ ಬೆಳಿಗ್ಗೆ ಏಳುವಾಗ ಡೇರೆಯ ಒಳಗೋಡೆ ಒದ್ದೆಯಾಗಿರುವುದನ್ನು ಕಂಡು, ಅಂಗಡಿಯವನು ಮೋಸ ಮಾಡಿದನೆಂದು ಬೈಯುವವರಿದ್ದಾರೆ. ಒಬ್ಬ ಮನುಷ್ಯನ ಉಸಿರು ಮತ್ತು ಬೆವರಿನಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರ್ ನೀರು ಹಬೆಯಾಗಿ ಹೊರಬರುತ್ತದೆ. ಮೂವರು ಮಲಗಿದರೆ ಮುಕ್ಕಾಲು ಲೀಟರ್. ಹೊಳೆಯ ದಂಡೆಯ ತಂಪಿಗೆ ಅದು ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಗಾಳಿಯಾಡುವ ಒಳ ಡೇರೆ, ಅದಕ್ಕೆ ತಾಗದಂತೆ ಮೇಲೊಂದು ಹೊದಿಕೆ ಇರುವ ಎರಡು ಪದರದ ಡೇರೆಯಾದರೆ ಆ ಹನಿಗಳು ಹೊರ ಹೊದಿಕೆಯ ಮೇಲೆ ನಿಂತು, ಮಲಗಿದವರು ಒಣಗಿರುತ್ತಾರೆ. ಒಂದೇ ಪದರದ ಡೇರೆ ಅಗ್ಗವಾದರೂ ಹಣ ಉಳಿಸಬೇಕಾದದ್ದು ಇಲ್ಲಲ್ಲ. ಮಲಗುವಾಗ ಕಿಟಕಿಯನ್ನು ತುಸು ತೆರೆದಿಡುವುದೂ ಅಗತ್ಯ.

ಹೊದೆಯಲು ಊರಿನ ಕಂಬಳಿಗೆ ಸಮನಾದದ್ದು ಕಡಿಮೆ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿಡುತ್ತದೆ. ಅದರ ಭಾರವನ್ನೂ ಹೊರಲು ದೋಣಿಯಿದೆ.

ಗಾಳಿ, ಗೂಟ, ನೆಲ

ಕಪ್ಪತಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆ ಈ ಸೀಮೆಯ ಗಾಳಿಯ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗ್ಗದ ಡೇರೆಗಳಲ್ಲಿ ಫೈಬರ್ ಗ್ಲಾಸ್ ಕೋಲುಗಳಿರುತ್ತವೆ. ಮುರಿದರೆ ಸೀಳಿ ಚೂಪಾಗುತ್ತವೆ. ಬಟ್ಟೆ ಹರಿಯುವುದಲ್ಲದೆ ಕೈಗೂ ಚುಚ್ಚುತ್ತವೆ. ಮುರಿದ ಕೋಲಿಗೆ ತೊಡಿಸಲು ಗೇಣುದ್ದದ ಲೋಹದ ಕೊಳವೆಯೊಂದು, ಅಂಟುಪಟ್ಟಿ ಜೊತೆಗಿದ್ದರೆ ರಾತ್ರಿ ಕಳೆಯುತ್ತದೆ.

ಡೇರೆಯ ಜೊತೆ ಬರುವ ತಂತಿಯಂಥ ತೆಳು ಗೂಟಗಳನ್ನು ಮಾತ್ರ ನಂಬುವಂತಿಲ್ಲ. ಒಣಗಿದ ಎರೆಮಣ್ಣಿನಲ್ಲಿ ಅವು ಇಳಿಯುವ ಮೊದಲೇ ಬಾಗುತ್ತವೆ. ಹಸಿಯಾದ ಎರೆಯಲ್ಲಿ ಎಳೆದರೆ ಕಿತ್ತು ಬರುತ್ತವೆ. ಮರಳಿನಲ್ಲಂತೂ ನಿಲ್ಲುವುದೇ ಇಲ್ಲ. ಊರಿನ ಕಮ್ಮಾರರ ಕಡೆಯಿಂದ ಮೊಳಕ್ಕೆ ಕಡಿಮೆಯಿಲ್ಲದ ಕಬ್ಬಿಣದ ಗೂಟಗಳನ್ನು ಮಾಡಿಸಿಕೊಂಡರೆ ಎರೆಗೂ ಗರಸಿಗೂ ಆಗುತ್ತವೆ. ಮರಳ ದಂಡೆಯಾದರೆ ಸಣ್ಣ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳ ಆಳಕ್ಕೆ ಹೂಳಬೇಕು. ಇದಕ್ಕೆ ಖರ್ಚೇ ಇಲ್ಲ.

ಕೊಳ್ಳುವುದೋ, ಬಾಡಿಗೆಯೋ?

ಲೆಕ್ಕಕ್ಕಾಗಿ ಹನ್ನೆರಡು ವಿದ್ಯಾರ್ಥಿಗಳ ಗುಂಪನ್ನು ತೆಗೆದುಕೊಂಡರೆ, ಮೂವರಿಗೊಂದರಂತೆ ನಾಲ್ಕು ಡೇರೆ ಬೇಕು. ಜೊತೆಗೆ ಬರುವ ಶಿಕ್ಷಕ, ಶಿಕ್ಷಕಿಯರದು ಬೇರೆ. ಡೇರೆಗೆ 5,000 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 20,000. ಒಂದೇ ಪ್ರವಾಸಕ್ಕೆಂದು ಕೊಂಡರೆ ತಲೆಗೆ 1,667 ರೂಪಾಯಿ ಬೀಳುತ್ತದೆ. ಅದೇ ಡೇರೆಗಳನ್ನು ಶಾಲೆಯೇ ಕೊಂಡು, ಹನ್ನೆರಡರಂತೆ ನಾಲ್ಕು ತಂಡಗಳಿಗೆ ಕೊಟ್ಟರೆ ತಲೆಗೆ 417. ರಾತ್ರಿಗೆ 300 ರೂಪಾಯಿಯಂತೆ ಎರಡು ರಾತ್ರಿಗೆ ಬಾಡಿಗೆಗೆ ತಂದರೆ ತಲೆಗೆ 200. ಊರಿಂದೂರಿಗೆ ದರ ಬೇರೆಯಾದರೂ ಲೆಕ್ಕದ ದಾರಿ ಇದೇ. ಒಮ್ಮೆ ಮಾತ್ರ ಹೋಗುವವರಿಗೆ ಬಾಡಿಗೆ ಲೇಸು. ವರ್ಷ ವರ್ಷವೂ ತಂಡ ಕಳಿಸುವ ಶಾಲೆಗೆ ಕೊಳ್ಳುವುದು ಲೇಸು. ಮನೆಗೊಂದು ಡೇರೆ ಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಕೊಂಡದ್ದಾಗಲಿ ಬಾಡಿಗೆಯದಾಗಲಿ, ಹೊರಡುವ ವಾರದ ಮೊದಲೇ ಶಾಲೆಯ ಮೈದಾನದಲ್ಲಿ ಮಕ್ಕಳ ಕೈಯಿಂದಲೇ ಹಾಕಿಸಬೇಕು. ಜಿಪ್ಪುಗಳನ್ನು ಹತ್ತು ಸಲ ಎಳೆದು ನೋಡಬೇಕು. ನಾಲ್ಕು ಕೊಡ ನೀರು ಸುರಿದು, ಒಳಗೆ ಕುಳಿತು, ಎಲ್ಲಿ ಜಿನುಗುತ್ತದೆಂದು ಗುರುತು ಮಾಡಬೇಕು. ಕತ್ತಲಲ್ಲಿ ಟಾರ್ಚ್ ಹಿಡಿದು ಮತ್ತೊಮ್ಮೆ ಹಾಕಿಸಿದರೆ ಇನ್ನೂ ಒಳಿತು. ಗೂಟ ಎಣಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿಕೊಡಬೇಕು.

ಡೇರೆ ಕಾಯದ ಅಪಾಯಗಳು

ಎಂಥ ಡೇರೆಯೂ ತಪ್ಪಾದ ಜಾಗವನ್ನು ಸರಿಮಾಡಲಾರದು. ತುಂಗಭದ್ರೆಗೆ ಮೇಲೆ ಗಾಜನೂರು, ಭದ್ರಾ ಅಣೆಕಟ್ಟುಗಳಿವೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆ. ಗೇಟು ತೆರೆದರೆ ಮಳೆಯಿಲ್ಲದ ದಿನವೂ ಹೊಳೆ ಏರುತ್ತದೆ. ಕಳೆದ ನೆರೆಯ ಕಸಕಡ್ಡಿ ಎಲ್ಲಿಯವರೆಗೆ ಸಿಕ್ಕಿಕೊಂಡಿದೆಯೋ ಅದಕ್ಕಿಂತ ಮೇಲೆಯೇ ಡೇರೆ ಹಾಕಬೇಕು. ತುಂಗಭದ್ರೆಯಲ್ಲೂ ದಾಂಡೇಲಿಯ ಕಾಳಿಯಲ್ಲೂ ಮೊಸಳೆಗಳಿವೆ. ನೀರಿನ ಅಂಚಿನಲ್ಲಿ ಮಲಗುವ ಮಾತೇ ಇಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಅಭ್ಯಾಸಕ್ಕೆಂದು ಡೇರೆ ಹಾಕುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಚಳಿಯೆಂದು ಡೇರೆಯೊಳಗೆ ಒಲೆ, ಕೆಂಡದ ಬಾಣಲೆ ಇಡಬಾರದು. ಬಟ್ಟೆಗೆ ಕಿಡಿ ತಾಗುವ ಭಯ ಒಂದಾದರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆದೀತು.

ಊರಿಗೆ ಮರಳಿದ ದಿನವೇ ಡೇರೆಯನ್ನು ಬಿಚ್ಚಿ, ಮಣ್ಣು ಕೊಡವಿ, ನೆರಳಲ್ಲಿ ಪೂರ್ತಿ ಒಣಗಿಸಿ ಇಡಬೇಕು. ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿದು, ಒಳಗಿನ ಲೇಪ ಕಿತ್ತು, ಮುಂದಿನ ತಂಡಕ್ಕೆ ಬರಿಯ ಬಟ್ಟೆ ಉಳಿಯುತ್ತದೆ. ಚೆನ್ನಾಗಿ ಇಟ್ಟ ಸಾಧಾರಣ ಡೇರೆ ವರ್ಷಗಟ್ಟಲೆ ಬಾಳುತ್ತದೆ. ಆಗ ತಲೆಗೆ ಬೀಳುವ ಖರ್ಚು ಪ್ರತಿ ತಂಡದೊಂದಿಗೂ ಇಳಿಯುತ್ತ ಹೋಗಿ, ರೊಕ್ಕವಿಲ್ಲವೆಂದು ಮನೆಯಲ್ಲೇ ಉಳಿಯುತ್ತಿದ್ದ ಹುಡುಗನೋ ಹುಡುಗಿಯೋ ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಬರೆಸಬಹುದು.