ಟೆಸ್ಟಿಂಗ್ ಎಸ್‌ಎಂಪಿಎಸ್ ಕೆಟ್ಟಿದ್ದರೆ ದಂಡ ಕಟ್ಟೋದು ಗ್ರಾಹಕರು

ಮಾನಸಗಂಗೋತ್ರಿ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿ ನಡೆಸುವ ಅಕ್ಕ ಒಬ್ಬರು ಎರಡು ವರ್ಷದ ಹಿಂದೆ ತಮ್ಮ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ನನ್ನ ಹತ್ತಿರ ತಂದರು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಪರದೆ ಮೇಲೆ ಏನೂ ಬರಲ್ಲ, ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತೆ. ನಾನು ಅವರ ಎಸ್‌ಎಂಪಿಎಸ್ ಬಿಚ್ಚಿ, ನನ್ನ ಮೇಜಿನ ಕೆಳಗೆ ಬಿದ್ದಿರುತ್ತಿದ್ದ 'ಟೆಸ್ಟಿಂಗ್' ಎಸ್‌ಎಂಪಿಎಸ್ ಹಾಕಿ ನೋಡಿದೆ. ಅದೇ ಕಥೆ. "ಅಕ್ಕ, ಬೋರ್ಡ್ ಹೋಗಿದೆ" ಅಂದೆ. "ಎಷ್ಟಾಗುತ್ತಪ್ಪಾ?" ಅಂದರು. ಸೆಕೆಂಡ್ ಹ್ಯಾಂಡ್ ಬೋರ್ಡಿಗೆ 2,800 ರೂಪಾಯಿ. ಕೊಟ್ಟರು.

ತಂದು ಹಾಕಿದ ಬೋರ್ಡಿನಲ್ಲೂ ಅದೇ ರೋಗ ಕಂಡಾಗ ನನಗೆ ಬೆವರು ಬಂತು. ಕೊನೆಗೆ ಕುವೆಂಪುನಗರದ ಗೆಳೆಯನ ಹತ್ತಿರ ಒಂದು ಒಳ್ಳೆಯ ಎಸ್‌ಎಂಪಿಎಸ್ ಇಸ್ಕೊಂಡು ಬಂದು ಹಾಕಿದರೆ, ಅಕ್ಕನ ಹಳೇ ಬೋರ್ಡ್ ಮೊದಲ ಸಲಕ್ಕೇ ಆನ್ ಆಯ್ತು. ಬೋರ್ಡಿಗೆ ಏನೂ ಆಗಿರಲಿಲ್ಲ. ಅವರ ಎಸ್‌ಎಂಪಿಎಸ್ ಕೆಟ್ಟಿತ್ತು, ಅದನ್ನು ಪತ್ತೆ ಹಚ್ಚಬೇಕಿದ್ದ ನನ್ನ ಎಸ್‌ಎಂಪಿಎಸ್ ಕೂಡ ಕೆಟ್ಟಿತ್ತು. ದುಡ್ಡು ವಾಪಸ್ ಕೊಟ್ಟೆ. "ಅದು ಸರಿ, ನಾಲ್ಕು ದಿನದ ಟೈಪಿಂಗ್ ಯಾರು ಕೊಡ್ತಾರಪ್ಪ?" ಅಂದರು ಅಕ್ಕ. ಥೀಸಿಸ್ ಸಲ್ಲಿಸೋ ಸಮಯ ಅದು. ನಾನು ಸುಮ್ಮನೆ ನಿಂತೆ.

ರಿಪೇರಿ ಮಾಡೋರ ಹತ್ತಿರ ಟೆಸ್ಟಿಂಗ್‌ಗೆ ಅಂತ ಇರೋ ಎಸ್‌ಎಂಪಿಎಸ್ ಹೆಚ್ಚಿನ ಸಲ ಎಲ್ಲಿಂದ ಬಂದದ್ದು? ಯಾವುದೋ ಹಳೇ ಕ್ಯಾಬಿನೆಟ್‌ನಿಂದ ಬಿಚ್ಚಿದ್ದು. ಮಾರೋಕೆ ಆಗಲ್ಲ, ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ, 'ಟೆಸ್ಟಿಂಗ್‌ಗೆ ಆಗುತ್ತೆ ಬಿಡು' ಅಂತ ಇಟ್ಟುಕೊಂಡದ್ದು. ನಾನೂ ಹಾಗೇ ಮಾಡಿದ್ದೆ. ಆದರೆ ಬೇರೆ ಎಲ್ಲಾ ಭಾಗಗಳ ಬಗ್ಗೆ ನಾವು ತೀರ್ಪು ಕೊಡೋದೇ ಇದನ್ನು ನಂಬಿಕೊಂಡು. ಹಾಗಾಗಿ ಅಂಗಡಿಯಲ್ಲಿ ಇರುವುದರಲ್ಲೇ ಒಳ್ಳೆಯ ಎಸ್‌ಎಂಪಿಎಸ್ ಟೆಸ್ಟಿಂಗ್‌ನದ್ದೇ ಆಗಿರಬೇಕು. ಅದನ್ನು ಹೇಗೆ ಆರಿಸೋದು ಅಂತ ಈಗ ಹೇಳ್ತೀನಿ. ಮನೆಯಲ್ಲೇ ಕಂಪ್ಯೂಟರ್ ಬಿಚ್ಚಿ ಜೋಡಿಸೋ ಹುಡುಗ ಹುಡುಗಿಯರಿಗೂ, ಕಚೇರಿಗಳು ಎಸೆದ ಯಂತ್ರಗಳನ್ನು ಲಿನಕ್ಸ್ ಹಾಕಿ ಓದೋ ಮಕ್ಕಳಿಗೆ ಕೊಡುತ್ತಿರೋರಿಗೂ ಇದು ಬೇಕಾಗುತ್ತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ಅಂಥ ಯಂತ್ರಗಳಿಗೇನೂ ಬರವಿಲ್ಲ.

ಎಸ್‌ಎಂಪಿಎಸ್ ಮಾಡೋ ಕೆಲಸ ಹೇಳೋಕೆ ಸುಲಭ. ಗೋಡೆಯಿಂದ ಬರೋ 230 ವೋಲ್ಟ್ ಎಸಿಯನ್ನು 12, 5 ಮತ್ತು 3.3 ವೋಲ್ಟ್ ಡಿಸಿ ಮಾಡಿ ಕೊಡುತ್ತೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾನದಂಡದ ಪ್ರಕಾರ ಹಳದಿ ತಂತಿ 12, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್. ನೇರಳೆ ತಂತಿಯಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಇರುತ್ತೆ. ಹಸಿರು ತಂತಿ ಎಸ್‌ಎಂಪಿಎಸ್‌ಗೆ 'ಏಳು' ಅಂತ ಹೇಳೋದು. ಬೂದು ತಂತಿ 'ಪವರ್ ಗುಡ್', ಅಂದರೆ ಎಲ್ಲಾ ವೋಲ್ಟೇಜ್ ಸರಿಯಾಗಿದೆ ಅಂತ ಬೋರ್ಡಿಗೆ ತಿಳಿಸೋದು. ಈಗ ಎಷ್ಟೋ ಕಂಪನಿಗಳು ಎಲ್ಲಾ ತಂತಿಯನ್ನೂ ಕಪ್ಪು ಮಾಡಿಬಿಟ್ಟಿವೆ, ಅಲ್ಲಿ ಪಿನ್ ಎಣಿಸಿಯೇ ತಿಳ್ಕೋಬೇಕು. ಮುಖ್ಯ ವೋಲ್ಟೇಜ್‌ಗಳು ಶೇಕಡಾ 5ರಷ್ಟು ಮಾತ್ರ ಹೆಚ್ಚುಕಮ್ಮಿ ಆಗಬಹುದು. 12 ವೋಲ್ಟ್ ತಂತಿಯಲ್ಲಿ 11.4ಕ್ಕಿಂತ ಕೆಳಗೆ, 12.6ಕ್ಕಿಂತ ಮೇಲೆ ಕಂಡರೆ ಅದು ಕೆಟ್ಟಿದೆ ಅಂತಲೇ ಲೆಕ್ಕ.

ನಮ್ಮಲ್ಲಿ ಎಲ್ಲರೂ ಮಾಡೋ ಪರೀಕ್ಷೆ ಒಂದಿದೆ. ಹಸಿರು ಮತ್ತು ಕಪ್ಪು ತಂತಿಯ ಪಿನ್‌ಗಳಿಗೆ ಪೇಪರ್ ಕ್ಲಿಪ್ ಸಿಕ್ಕಿಸೋದು, ಫ್ಯಾನ್ ತಿರುಗಿದರೆ 'ಚೆನ್ನಾಗಿದೆ' ಅನ್ನೋದು. ಖಾಲಿ ಆಟೋ ಶೆಡ್ಡಿನಲ್ಲಿ ಸ್ಟಾರ್ಟ್ ಆದ ಮಾತ್ರಕ್ಕೆ ಮೂರು ಜನರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತೆ ಅಂತ ಹೇಳೋಕಾಗುತ್ತಾ? ನನ್ನ ಹಳೇ ಟೆಸ್ಟಿಂಗ್ ಎಸ್‌ಎಂಪಿಎಸ್ ಪೇಪರ್ ಕ್ಲಿಪ್ ಹಾಕಿದಾಗ ಹಳದಿ ತಂತಿಯಲ್ಲಿ 12.1 ತೋರಿಸುತ್ತಿತ್ತು. ಬೋರ್ಡಿಗೆ ಹಾಕಿ ಪ್ರೊಸೆಸರ್ ಕೆಲಸ ಶುರು ಮಾಡಿದ ತಕ್ಷಣ 10.9ಕ್ಕೆ ಇಳಿಯುತ್ತಿತ್ತು. ಅಳೆಯೋದಿದ್ದರೆ ಲೋಡ್ ಇದ್ದಾಗಲೇ ಅಳೆಯಬೇಕು. ಮಲ್ಟಿಮೀಟರ್‌ಗೂ ಮಿತಿ ಇದೆ. 12 ವೋಲ್ಟ್‌ನಲ್ಲಿ ಏರಿಳಿತ 120 ಮಿಲಿವೋಲ್ಟ್ ಮೀರಬಾರದು, 5 ಮತ್ತು 3.3ರಲ್ಲಿ 50 ಮೀರಬಾರದು ಅನ್ನುತ್ತೆ ಮಾನದಂಡ. ಮೀಟರ್ ಸರಾಸರಿಯನ್ನಷ್ಟೇ ತೋರಿಸೋದರಿಂದ ಆ ಏರಿಳಿತ ಕಾಣಲ್ಲ. ಆಸಿಲೋಸ್ಕೋಪ್ ಸಣ್ಣ ಅಂಗಡಿಗಳಲ್ಲಿ ಎಲ್ಲಿರುತ್ತೆ? ಅದಕ್ಕೇ ಒಳ್ಳೆಯದು ಅಂತ ಖಚಿತವಾಗಿ ಗೊತ್ತಿರೋ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡೋದೇ ನಮಗಿರೋ ನಂಬಿಕಸ್ಥ ಪರೀಕ್ಷೆ.

ಇನ್ನು ಅಂಗಡಿಗೆ ಹೋಗೋಣ. ಐನೂರು, ಆರುನೂರು ರೂಪಾಯಿಯ ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ '450 ವ್ಯಾಟ್' ಅಂತ ಬರೆದಿರುತ್ತೆ. ಆ ಸಂಖ್ಯೆಯನ್ನು ಮರೆತು, ಪಕ್ಕದ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್‌ಗೆ ಎಷ್ಟು ಆಂಪಿಯರ್ ಅಂತ ನೋಡಿ. 18 ಅಂತಿದ್ದರೆ, ಹನ್ನೆರಡನ್ನು ಹದಿನೆಂಟರಿಂದ ಗುಣಿಸಿ: 216 ವ್ಯಾಟ್. ಇವತ್ತಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯೋದು 12 ವೋಲ್ಟ್‌ನಿಂದಲೇ. ಹಾಗಾಗಿ ಆ ಡಬ್ಬ ನಿಮಗೆ ಕೊಡೋದು 216. ಉಳಿದದ್ದು 5 ಮತ್ತು 3.3 ವೋಲ್ಟ್‌ಗಳ ಲೆಕ್ಕ ಸೇರಿಸಿ ಉಬ್ಬಿಸಿದ್ದು. ನಿಜವಾದ 450 ವ್ಯಾಟ್‌ನದ್ದರಲ್ಲಿ 12 ವೋಲ್ಟ್ ಒಂದಕ್ಕೇ 35 ಆಂಪಿಯರ್ ಆಸುಪಾಸು ಇರುತ್ತೆ.

ಇದನ್ನು ಕೇಳೋರು ಯಾರು? ಡಬ್ಬದ ಮೇಲೆ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅದು ಯಾರ ಹೆಸರಲ್ಲಿದೆ ಅಂತ ನೋಡಬಹುದು. ನೋಡಿ ಕೂಡ. ಆದರೆ ಆ ನೋಂದಣಿ ಇರೋದು ಶಾಕ್, ಬೆಂಕಿಯಂಥ ಸುರಕ್ಷತೆಯ ವಿಷಯಕ್ಕೆ. ಬರೆದಷ್ಟು ವ್ಯಾಟ್ ಬರುತ್ತೆ ಅನ್ನೋದಕ್ಕೆ ಅದು ಖಾತರಿಯಲ್ಲ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರವೇ. ಆದರೆ ಆರುನೂರು ರೂಪಾಯಿಯ ಡಬ್ಬಕ್ಕೆ, ಅದೂ ಎಷ್ಟೋ ಸಲ ಬಿಲ್ಲೇ ಇಲ್ಲದೆ ಕೊಂಡದ್ದಕ್ಕೆ, ಯಾರು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುತ್ತಾರೆ? ಈ ಸುಳ್ಳು ಬದುಕಿರೋದೇ ಅದು ಇಷ್ಟು ಅಗ್ಗ ಅನ್ನೋ ಕಾರಣಕ್ಕೆ.

ನಾನು ಈಗ ನೋಡೋದು '80 ಪ್ಲಸ್' ಪ್ರಮಾಣಪತ್ರ. ಅದು ಎಷ್ಟು ಕರೆಂಟ್ ವ್ಯರ್ಥವಾಗುತ್ತೆ ಅಂತ ಅಳೆಯೋಕೆ ಇರೋದು, ನಿಜ. ಆದರೆ ಪೂರ್ತಿ ಲೋಡ್‌ನಲ್ಲೂ ಪರೀಕ್ಷೆ ಮಾಡೋದರಿಂದ, ಬರೆದ ವ್ಯಾಟ್ ಕೊಡಲಾಗದ ಎಸ್‌ಎಂಪಿಎಸ್ ಅಲ್ಲಿ ದಾಟಲ್ಲ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು, ಹಾಗಾಗಿ ಮಾಡೆಲ್ ಹೆಸರು ಅವರ ಪಟ್ಟಿಯಲ್ಲಿದೆಯಾ ಅಂತ ಹುಡುಕಿ ನೋಡಿ. ಬ್ರ್ಯಾಂಡ್ ಹೆಸರನ್ನಷ್ಟೇ ನಂಬಬೇಡಿ, ಒಂದೇ ಬ್ರ್ಯಾಂಡಿನಲ್ಲಿ ಒಳ್ಳೆಯದೂ ಇರುತ್ತೆ, ಸುಮಾರಾದದ್ದೂ ಇರುತ್ತೆ.

ಎಷ್ಟು ವ್ಯಾಟ್ ಬೇಕು? ಟೈಪಿಂಗ್, ಬಿಲ್ಲಿಂಗ್ ಮಾಡೋ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ ಸಾಮಾನ್ಯವಾಗಿ ನೂರು ವ್ಯಾಟ್ ದಾಟಲ್ಲ. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರೋದೂ ಸೇರಿಸಿದರೆ ನಿಜವಾದ 450ರಿಂದ 550 ಧಾರಾಳ. 'ದೊಡ್ಡದೇ ಇರಲಿ' ಅಂತ 850ರದ್ದು ತರೋರಿದ್ದಾರೆ. ನನಗೆ ಅದು ಸರಿ ಕಾಣಲ್ಲ. ರಿಪೇರಿಗೆ ಬರೋ ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಇರುತ್ತೆ. ಅತಿ ಕರೆಂಟ್ ಹರಿದಾಗ ಕಟ್ ಆಗೋ ರಕ್ಷಣೆ 850ರದ್ದರಲ್ಲಿ ತುಂಬಾ ಮೇಲಿನ ಮಟ್ಟದಲ್ಲಿರುತ್ತೆ. ಅರ್ಧಂಬರ್ಧ ಶಾರ್ಟ್ ಇದ್ದರೆ ಅದು ಕಟ್ ಆಗೋ ಮೊದಲೇ ಬೋರ್ಡಿನಿಂದ ಹೊಗೆ ಬಂದಿರುತ್ತೆ. ಹದವಾದ ಎಸ್‌ಎಂಪಿಎಸ್ ಆದರೆ ಫ್ಯಾನ್ ಒಂದು ಸಲ ಅಲುಗಿ ನಿಲ್ಲುತ್ತೆ. ಆ ಅಲುಗಾಟವೇ ನಮಗೆ ಸುಳಿವು. ಅಗ್ಗದ್ದರಲ್ಲಿ ಈ ರಕ್ಷಣೆ ಹೆಸರಿಗೆ ಮಾತ್ರ.

ಕೇಬಲ್ ವಿಷಯಕ್ಕೆ ಬಂದರೆ, ಬಿಚ್ಚಿ ಹಾಕೋ ಮಾಡ್ಯುಲರ್ ಕೇಬಲ್‌ನದ್ದು ನೋಡೋಕೆ ಚೆಂದ, ಟೆಸ್ಟಿಂಗ್‌ಗೆ ಬೇಡ. ಬೋರ್ಡಿನ ಕಡೆಯ ಕನೆಕ್ಟರ್‌ಗೆ ಮಾನದಂಡ ಇದೆ, ಎಸ್‌ಎಂಪಿಎಸ್ ಕಡೆಯದಕ್ಕೆ ಇಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಸರಿಯಾಗಿ ಕೂರುತ್ತೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಹಾರ್ಡ್ ಡಿಸ್ಕ್ ಸುಡಬಹುದು. ಗಡಿಬಿಡಿಯ ಮೇಜಿನ ಮೇಲೆ ಕೇಬಲ್ ಅದಲು ಬದಲಾಗೋದು ಎಷ್ಟು ಹೊತ್ತಿನ ಮಾತು? ಸುಟ್ಟ ಡಿಸ್ಕ್‌ನಲ್ಲಿ ಯಾರದ್ದೋ ಐದು ವರ್ಷದ ಕೆಲಸ ಇರುತ್ತೆ. ಕೇಬಲ್ ಕಾಯಂ ಆಗಿ ಅಂಟಿಕೊಂಡಿರೋದು, ಉದ್ದವಾಗಿರೋದು, 20+4 ಮತ್ತು 4+4 ಪಿನ್ ಎರಡೂ ಇರೋದು ತಗೊಳ್ಳಿ. ಸಾಟಾ ಜೊತೆ ಹಳೇ ನಾಲ್ಕು ಪಿನ್‌ನ ಮೋಲೆಕ್ಸ್ ಇದ್ದರೆ ಮೀಟರ್ ಕಡ್ಡಿ ಇಡೋಕೆ ಅನುಕೂಲ.

ಇಷ್ಟೆಲ್ಲಾ ಇದ್ದರೂ ಅರ್ಧ ಯಂತ್ರಗಳಿಗೆ ಅದು ಹೊಂದಲ್ಲ. ಬೆಂಗಳೂರಿನ ಐಟಿ ಕಂಪನಿಗಳು ಲೀಸ್ ಮುಗಿದ ಮೇಲೆ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳು ಎಸ್‌ಪಿ ರಸ್ತೆ ದಾಟಿ ಮೈಸೂರಿಗೂ ಬರುತ್ತವೆ. ಬಡ ವಿದ್ಯಾರ್ಥಿಗಳ ಕೈಗೆಟುಕೋ ಕಂಪ್ಯೂಟರ್ ಅವೇ. ಅವುಗಳಲ್ಲಿ ಎಷ್ಟೋ ಮಾಡೆಲ್‌ಗಳ ಬೋರ್ಡಿಗೆ 24 ಪಿನ್ ಇರಲ್ಲ. ಒಂದರಲ್ಲಿ 6, ಇನ್ನೊಂದರಲ್ಲಿ 8, ಮತ್ತೊಂದರಲ್ಲಿ 10 ಅಥವಾ 14. ಬರೀ 12 ವೋಲ್ಟ್ ಸಾಕಾದ್ದರಿಂದ ಪಿನ್ ಕಮ್ಮಿ ಮಾಡಿದ್ದು ತಾಂತ್ರಿಕವಾಗಿ ಸರಿಯೇ. ಹಾಗೆ ಮಾಡೋಕೆ ಎಲ್ಲರಿಗೂ ಒಂದೇ ಆಗೋ 10 ಪಿನ್‌ನ ಮಾನದಂಡವನ್ನು ಇಂಟೆಲ್ 2020ರ ಹೊತ್ತಿಗೆ ಮುಂದಿಟ್ಟಿದೆ. ಆದರೆ ಪ್ರತಿ ಕಂಪನಿಯೂ ತನ್ನದೇ ದಾರಿ ಹಿಡಿದರೆ, ಐದು ಸಾವಿರದ ಹಳೇ ಯಂತ್ರಕ್ಕೆ ಅದೇ ಮಾಡೆಲ್‌ನ ಎಸ್‌ಎಂಪಿಎಸ್ ಹುಡುಕಿ ಅಲೆಯೋದು ನಮ್ಮ ಪಾಲಿಗೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಮೊಬೈಲ್‌ಗಳ ಚಾರ್ಜರ್‌ಗೆ ಟೈಪ್-ಸಿ ಬೇಕು ಅಂತ ಜಗತ್ತು ಜಗಳ ಮಾಡಿದ ಹಾಗೆ, ಡೆಸ್ಕ್‌ಟಾಪ್ ಒಳಗಿನ ಕನೆಕ್ಟರ್ ಬಗ್ಗೆ ಯಾರೂ ಜಗಳ ಮಾಡ್ತಿಲ್ಲ. ಯಾಕಂದ್ರೆ ಅದು ಹೊರಗೆ ಕಾಣಲ್ಲ.

ಸದ್ಯಕ್ಕೆ ಉಪಾಯ ಅಂದರೆ 24 ಪಿನ್‌ನಿಂದ ಆಯಾ ಕಂಪನಿಯ ಪಿನ್‌ಗೆ ಬದಲಾಯಿಸೋ ಅಡಾಪ್ಟರ್. ಕೆಲವು ಯಂತ್ರಗಳಿಗೆ ಆಫ್ ಇದ್ದಾಗಲೂ 12 ವೋಲ್ಟ್ ಬೇಕು, ನಮ್ಮ ನೇರಳೆ ತಂತಿ ಕೊಡೋದು 5. ಅದನ್ನು ಏರಿಸೋ ಪುಟ್ಟ ಸರ್ಕ್ಯೂಟ್ ಅಡಾಪ್ಟರ್‌ನಲ್ಲಿ ಇದೆಯಾ ನೋಡಿ. ಬೋರ್ಡಿನ ಮಾಡೆಲ್ ನೋಡದೆ, ಆಕಾರ ಒಂದೇ ಇದೆ ಅಂತ ಸಿಕ್ಕಿಸಬೇಡಿ. ತೊಂಬತ್ತರ ದಶಕದ ಕೊನೆಯ ಕೆಲವು ಡೆಲ್ ಯಂತ್ರಗಳಲ್ಲಿ ಕನೆಕ್ಟರ್ ನೋಡೋಕೆ ಎಟಿಎಕ್ಸ್ ಥರಾನೇ ಇತ್ತು, ತಂತಿಗಳ ಜಾಗ ಮಾತ್ರ ಬೇರೆ.

ನಾನು ಅಕ್ಕನ ಪ್ರಸಂಗ ಆದ ತಿಂಗಳಲ್ಲೇ ಮೂರು ಸಾವಿರದ ಹತ್ತಿರ ಕೊಟ್ಟು ಒಂದು ಹೊಸದು ತಂದೆ. ಅದರ ಮೇಲೆ ಮಾರ್ಕರ್‌ನಲ್ಲಿ 'ಮಾರಾಟಕ್ಕಿಲ್ಲ' ಅಂತ ಬರೆದಿದ್ದೀನಿ. 'ಅರ್ಜೆಂಟ್, ಇದನ್ನೇ ಹಾಕಿಕೊಡಿ' ಅನ್ನೋ ಗ್ರಾಹಕರು ವಾರಕ್ಕೊಬ್ಬರು ಬಂದೇ ಬರುತ್ತಾರೆ, ಕೊಟ್ಟುಬಿಟ್ಟರೆ ಮತ್ತೆ ಮೇಜಿನ ಕೆಳಗಿನ ಗುಜರಿಗೇ ಕೈ ಹೋಗುತ್ತೆ. ಬೋರ್ಡಿಗೆ ಸಿಕ್ಕಿಸೋ ಮುಂಚೆ ಪ್ರೊಸೆಸರ್‌ನ 12 ವೋಲ್ಟ್ ಪಿನ್‌ಗೂ ಗ್ರೌಂಡ್‌ಗೂ ಶಾರ್ಟ್ ಇದೆಯಾ ಅಂತ ಮೀಟರ್‌ನಲ್ಲಿ ನೋಡ್ತೀನಿ. ಗ್ರಾಹಕರ ಅನುಮಾನದ ಎಸ್‌ಎಂಪಿಎಸ್ಸನ್ನು ನನ್ನ ಒಳ್ಳೆಯ ಬೋರ್ಡಿಗೆ ಹಾಕಿ ನೋಡಲ್ಲ. ಹೊಸಬರು ಎಸ್‌ಎಂಪಿಎಸ್ ಡಬ್ಬ ಬಿಚ್ಚೋಕೆ ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಮುನ್ನೂರು ವೋಲ್ಟ್‌ಗೂ ಮೇಲೆ ಉಳಿದಿರಬಹುದು.

ತಿಂಗಳಿಗೊಮ್ಮೆ ಒಂದೇ ಯಂತ್ರಕ್ಕೆ ಹಾಕಿ, ಒಂದೇ ಲೋಡ್ ಕೊಟ್ಟು, ಹಳದಿ ಮತ್ತು ಕೆಂಪು ತಂತಿಯ ವೋಲ್ಟೇಜನ್ನು ತಾರೀಕು ಸಮೇತ ಡಬ್ಬದ ಮೇಲೆ ಬರೀತೀನಿ. ಕೊಂಡಾಗ 12.08 ಇತ್ತು. ಕಳೆದ ವಾರ 12.05.